ಪುಲಾಸ್ಕಿ ದಿನದ ಹನ್ನೆರಡು ಬಟ್ಟಲು

ಗೇನೆಕ್ ಸೀಕೋರಾ ವರ್ಷಕ್ಕೆ ಒಂದೇ ಒಂದು ಸುಳ್ಳು ಹೇಳುತ್ತಿದ್ದ. ಅದನ್ನು ಮಾರ್ಚ್ ತಿಂಗಳ ಮೊದಲ ಸೋಮವಾರ ಬೆಳಗಿನ ಆರು ಗಂಟೆಗೆ, ಫೋನಿನಲ್ಲಿ ಹೇಳುತ್ತಿದ್ದ. ಉಳಿದ ದಿನಗಳಲ್ಲಿ ಶಿಕಾಗೊ ಊರಿನ ಆ ಪೋಲಿಷ್ ಬೀದಿಯಲ್ಲಿ ಅವನಷ್ಟು ಸತ್ಯವಂತ ಇನ್ನೊಬ್ಬನಿಲ್ಲವೆಂದು ಅವನ ಹೆಂಡತಿ ಹಲೀನಾ ಬೇಕಾದರೆ ಚರ್ಚಿನಲ್ಲಿ ನಿಂತು ಪ್ರಮಾಣ ಮಾಡಿಯಾಳು. ಆದರೆ ಅಭ್ಯಾಸವಿಲ್ಲದ ಕಸುಬು ನೋಡಿ, ಆ ಒಂದು ಸುಳ್ಳೂ ಅವನಿಗೆ ನೆಟ್ಟಗೆ ಬರುತ್ತಿರಲಿಲ್ಲ.

ಕಾರಣ ಇಷ್ಟೆ. ಆ ಸೋಮವಾರ ಪುಲಾಸ್ಕಿ ದಿನ. ಪೋಲೆಂಡಿನಿಂದ ಹಡಗು ಹತ್ತಿ ಬಂದು, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಕುದುರೆಯ ಮೇಲೆ ಕಾದಾಡಿ ಸತ್ತ ಜನರಲ್ ಪುಲಾಸ್ಕಿಯ ಹೆಸರಿನ ದಿನ. ಒಂದು ಕಾಲದಲ್ಲಿ ಅವತ್ತು ಊರಿನ ಸ್ಕೂಲುಗಳಿಗೆಲ್ಲ ರಜ. ಆಮೇಲೆ ಮಕ್ಕಳ ಓದಿನ ದಿನಗಳು ಸಾಲುತ್ತಿಲ್ಲವೆಂದು ಆ ರಜವನ್ನು ಕ್ಯಾಲೆಂಡರಿನಿಂದ ಕಿತ್ತುಹಾಕಿದರು. ಸರ್ಕಾರದ ಪುಸ್ತಕದಲ್ಲಿ ದಿನ ಇನ್ನೂ ಇದೆ, ಸ್ಕೂಲಿನ ಗಂಟೆ ಮಾತ್ರ ಎಂದಿನಂತೆ ಹೊಡೆಯುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಗೇನೆಕ್ ಅಂಥದೊಂದು ಸ್ಕೂಲಿನಲ್ಲಿ ಕಟ್ಟಡ ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ.

ಅವನ ತಾತ ಸಾಯುವ ಮುಂಚೆ ಕೈ ಹಿಡಿದು ಮಾತು ತೆಗೆದುಕೊಂಡಿದ್ದ. "ಅವತ್ತು ಯಾರ ಕೆಲ್ಸಾನೂ ಮುಟ್ಟಬೇಡ ಗೇನೆಕ್. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆಯೋದ್ರೊಳಗೆ ಜನರಲ್‌ಗೆ ಹೂವು ಇಟ್ಟಿರ್ಬೇಕು. ನಾವು ಮರೆತ್ರೆ ಇನ್ಯಾರು ನೆನೆಸ್ಕೋತಾರೆ?" ಚರ್ಚಿನ ಪಕ್ಕದ ಪಾರ್ಕಿನಲ್ಲಿ ಜನರಲ್‌ನ ಮೀಸೆ ಹೊತ್ತ ಕಂಚಿನ ತಲೆಯೊಂದಿತ್ತು. ಮೂವತ್ತೊಂದು ವರ್ಷ ಗೇನೆಕ್ ಆ ಮಾತು ತಪ್ಪಿರಲಿಲ್ಲ. ರಜ ಹೋದ ಮೊದಲ ವರ್ಷ ಇದ್ದದ್ದನ್ನು ಇದ್ದ ಹಾಗೆ ಹೇಳಿ ರಜ ಕೇಳಿದ್ದ. "ಆ ಹಬ್ಬ ಈಗ ಇಲ್ವಲ್ಲ ಸೀಕೋರಾ" ಎಂದಿದ್ದರು ಆಗಿನ ಹೆಡ್‌ಮಾಸ್ತರರು. ಅಂದಿನಿಂದ ಫೋನಿನ ಸುಳ್ಳು ಶುರುವಾಯಿತು.

"ಮೇ ತಿಂಗಳ ಮೆರವಣಿಗೆ ಇದ್ಯಲ್ಲ, ಅದು ಸಾಲ್ದಾ ನಿಮಗೆ?" ಎಂದು ಹಲೀನಾ ಪ್ರತಿ ವರ್ಷ ಕೇಳುತ್ತಿದ್ದಳು. ಮೇ ತಿಂಗಳ ಮೊದಲ ಶನಿವಾರ ಊರಿನ ಪೋಲಿಷ್ ಜನರದ್ದೆಲ್ಲ ದೊಡ್ಡ ಮೆರವಣಿಗೆ. ಶನಿವಾರವಾದ್ದರಿಂದ ಯಾರ ಅಪ್ಪಣೆಯೂ ಬೇಡ, ಯಾವ ಸುಳ್ಳೂ ಬೇಡ. ಚರ್ಚಿನ ಸಂಘದ ಜರಿಯ ಬಾವುಟದ ಹಿಂದೆ, ಅದರ ದಾರ ಹಿಡಿದುಕೊಂಡು ಗೇನೆಕ್ ಹದಿನೆಂಟು ವರ್ಷ ನಡೆದಿದ್ದ. ಈ ವರ್ಷ ಬಾವುಟವನ್ನೇ ಹಿಡಿಯುವ ಸರದಿ ಅವನಿಗೆ ಬಂದಿತ್ತು. ಕನ್ನಡಿ ಮುಂದೆ ಪೊರಕೆ ಎತ್ತಿ ಹಿಡಿದು ಅಭ್ಯಾಸ ಮಾಡುವುದನ್ನು ಹಲೀನಾ ಎರಡು ಸಲ ನೋಡಿ, ನೋಡದ ಹಾಗೆ ಅಡುಗೆಮನೆಗೆ ಹೋಗಿದ್ದಳು.

"ಅದು ಬೇರೆ, ಇದು ಬೇರೆ ಕಣೇ. ಮೆರವಣಿಗೆಗೆ ಸಾವಿರ ಜನ ಇದ್ದಾರೆ. ಜನರಲ್‌ಗೆ ನಾನೊಬ್ನೇ" ಎಂದು ಗೇನೆಕ್ ಫೋನು ಎತ್ತಿಕೊಂಡ.

ಆ ಕಡೆ ಫೋನು ತೆಗೆದವಳು ಹೊಸ ಹೆಡ್‌ಮಿಸ್ಟ್ರೆಸ್ ಮಿಸೆಸ್ ಹಾಲೋವೆ. ಗೇನೆಕ್ ಎರಡು ಸಲ ಕೆಮ್ಮಿದ.

"ಮೇಡಂ, ನಾನು ಸೀಕೋರಾ. ಜ್ವರ. ಮೈ ಕೆಂಡ ಆಗಿದೆ."

"ಅಯ್ಯೋ ಪಾಪ. ನಿಮ್ಮ ಫೈಲು ನನ್ನ ಮುಂದೇನೇ ಇದೆ ನೋಡಿ. ಹೋದ ವರ್ಷ ಇದೇ ಸೋಮವಾರ ಹಲ್ಲುನೋವು. ಅದರ ಹಿಂದಿನ ವರ್ಷ ನಿಮ್ಮ ಚಿಕ್ಕಮ್ಮ ಸ್ಟೆಫಾನಿಯಾ ತೀರಿಕೊಂಡ್ರು. ಅದಕ್ಕೂ ಮೂರು ವರ್ಷದ ಹಿಂದೆ ಅವರೇ ಇನ್ನೊಂದು ಸಲ ತೀರಿಕೊಂಡಿದ್ರು."

"ಅದು... ಬೇರೆ ಸ್ಟೆಫಾನಿಯಾ ಮೇಡಂ."

"ಮಾರ್ಚ್ ತಿಂಗಳು ನಿಮ್ಮ ಮನೆತನಕ್ಕೆ ಆಗಿಬರಲ್ಲ ಅಂತ ಕಾಣುತ್ತೆ. ಮಲಗಿರಿ. ಒಂಬತ್ತೂವರೆಗೆ ನಮ್ಮ ನರ್ಸು ಮಿಸ್ ಟಕರ್ ಮನೆಗೇ ಬಂದು ನೋಡ್ತಾರೆ. ಜ್ವರ ಇದ್ರೆ ಸರಿ. ಇಲ್ದಿದ್ರೆ ಅವರ ಕಾರಲ್ಲೇ ಕೂತು ಕೆಲಸಕ್ಕೆ ಬನ್ನಿ. ಅದೂ ಆಗಲ್ಲ ಅಂದ್ರೆ ಇನ್ಮೇಲೆ ಬರೋದೇ ಬೇಡ."

ಫೋನು ಇಟ್ಟ ಮೇಲೆ ಗೇನೆಕ್‌ಗೆ ನಿಜವಾಗಿಯೂ ಮೈ ಬಿಸಿಯಾಯಿತು. ಆದರೆ ಅದು ಒಂಬತ್ತೂವರೆಯ ತನಕ ನಿಲ್ಲುವ ಬಿಸಿಯಲ್ಲ. ಪಾರ್ಕಿನ ಗೇಟು ತೆಗೆಯುವುದು ಹತ್ತಕ್ಕೆ. ಅದಕ್ಕೆ ಮುಂಚೆ ಹೂವಿಟ್ಟು ಬರುವ ಹಾಗಿಲ್ಲ. ಶನಿವಾರವೇ ಕಟ್ಟಿಸಿ ತಂದ ಹೂವಿನ ಚಕ್ರ, ಕೆಂಪು ಬಿಳಿ ಹೂವು, ಕೆಂಪು ಬಿಳಿ ರಿಬ್ಬನ್ನು, ಮಂಚದ ಕೆಳಗೆ ಕೂತಿತ್ತು.

"ನಾನು ಬೇಕರಿಗೆ ಹೊರಟೆ," ಎಂದಳು ಹಲೀನಾ, ಕೋಟು ಹಾಕಿಕೊಳ್ಳುತ್ತ. "ಮಾಡಿದ್ದುಣ್ಣೋ ಮಹಾರಾಯ."

"ಯಾರಾದ್ರೂ ಕೇಳಿದ್ರೆ ಜ್ವರ ಅಂತ ಹೇಳೇ."

ಹಲೀನಾ ಹಾಗೇ ಹೇಳಿದಳು. ಅಲ್ಲಿಂದಲೇ ಎಲ್ಲ ಕೆಟ್ಟಿತು. ಮೆಟ್ಟಿಲಿಳಿಯುವಾಗ ಮೊದಲು ಕೇಳಿದವಳೇ ಕೆಳಗಿನ ಮನೆಯ ಪಾನಿ ಯಾದ್ವಿಗಾ.

ಪಾನಿ ಎಂದರೆ ಪೋಲಿಷಿನಲ್ಲಿ ಅಮ್ಮಾವ್ರು. ಪಾನಿ ಯಾದ್ವಿಗಾಗೆ ಎಪ್ಪತ್ತೆಂಟು ವರ್ಷ. ನಲವತ್ತು ವರ್ಷದಿಂದ ಶಿಕಾಗೊದಲ್ಲಿದ್ದೂ ಇಂಗ್ಲಿಷಿನಲ್ಲಿ 'ಥ್ಯಾಂಕ್ಯೂ' ಬಿಟ್ಟು ಬೇರೆ ಮಾತು ಕಲಿತವಳಲ್ಲ, ಆ ಒಂದು ಮಾತನ್ನೂ ಅವಳು ಬಳಸುತ್ತಿದ್ದುದು ಕಮ್ಮಿ. ಸಂಘದ ಬಾವುಟ ಇರುತ್ತಿದ್ದುದು ಅವಳ ಪೆಟ್ಟಿಗೆಯಲ್ಲಿ. ಅದಕ್ಕೆ ನುಸಿಗುಳಿಗೆ ಹಾಕುವವಳೂ ಅವಳೇ, ಯಾರು ಹಿಡಿಯಬೇಕೆಂದು ಹೇಳುವವಳೂ ಅವಳೇ. ಬೀದಿಯಲ್ಲಿ ಯಾರು ಸೀನಿದರೂ ಅವಳಿಗೆ ಗೊತ್ತಾಗುತ್ತಿತ್ತು, ಅವಳಿಗೆ ಗೊತ್ತಾದದ್ದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಏಳೂವರೆಗೆ ಅವಳು ಗೇನೆಕ್‌ನ ಬಾಗಿಲು ತಟ್ಟಲೂ ಇಲ್ಲ, ಸೀದಾ ಒಳಗೆ ಬಂದಳು. ಒಂದು ಕೈಯಲ್ಲಿ ಸೌತೆಕಾಯಿ ಉಪ್ಪಿನಕಾಯಿಯ ನೀರು, ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ. ಡಬ್ಬಿ ಕಿಣಿಕಿಣಿ ಎನ್ನುತ್ತಿತ್ತು. ಆ ಸದ್ದು ಕೇಳಿ ಗೇನೆಕ್ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ.

"ಬೇಡ ಪಾನಿ ಯಾದ್ವಿಗಾ. ಬಟ್ಟಲು ಬೇಡ. ನಂಗೆ ಈಗ ಎಷ್ಟೋ ವಾಸಿ."

"ವಾಸಿ ಅನ್ನೋದು ನೀನಲ್ಲ, ನಾನು. ನಮ್ಮ ಯಜಮಾನ್ರೂ ವಾಸಿ ವಾಸಿ ಅಂತಾನೇ ಹೋಗ್ಬಿಟ್ರು. ಬೋರಲು ಮಲ್ಕೋ."

ಬಟ್ಟಲು ಎಂದರೆ ಲಿಂಬೆಹಣ್ಣಿನಷ್ಟು ದಪ್ಪದ ಗಾಜಿನ ಬಟ್ಟಲು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಗೆ ಬೆಂಕಿ ಹಚ್ಚಿ, ಆ ಬೆಂಕಿಯನ್ನು ಬಟ್ಟಲೊಳಗೆ ಒಂದು ಸುತ್ತು ತಿರುಗಿಸಿ, ಪಟ್ಟನೆ ಬೆನ್ನ ಮೇಲೆ ಕವುಚುವುದು. ಬಟ್ಟಲು ಚರ್ಮವನ್ನು ಹೀರಿಕೊಂಡು ಕಚ್ಚಿ ಹಿಡಿಯುತ್ತದೆ. ಕೆಟ್ಟ ರಕ್ತವೆಲ್ಲ ಮೇಲೆ ಬಂದು ಜ್ವರ ಬಿಡುತ್ತದೆ ಎಂಬುದು ಆ ಬೀದಿಯ ಅಜ್ಜಿಯರ ನಂಬಿಕೆ. ಜ್ವರ ಬಿಡುತ್ತದೋ ಇಲ್ಲವೋ, ಎತ್ತಿದ ಮೇಲೆ ಬಟ್ಟಲಿನಗಲದ ನೇರಳೆ ಗುರುತು ಮಾತ್ರ ವಾರ ಬಿಡುವುದಿಲ್ಲ.

ನಿಜ ಹೇಳಿಬಿಡೋಣವೆಂದು ಗೇನೆಕ್ ಬಾಯಿ ತೆರೆದ. ಆದರೆ ಒಂದು ನಿಜ ಹೇಳಿದರೆ ಹಿಂದಿನವೂ ಸಾಲಾಗಿ ಹೊರಗೆ ಬರುತ್ತವೆ. ಅವನು ಎರಡು ಸಲ ಸಾಯಿಸಿದ್ದ ಸ್ಟೆಫಾನಿಯಾ ಚಿಕ್ಕಮ್ಮ ಎರಡು ಬೀದಿ ಆಚೆ ಕಲ್ಲುಗುಂಡಿನ ಹಾಗಿದ್ದಳು, ಗುರುವಾರ ಗುರುವಾರ ಪಾನಿ ಯಾದ್ವಿಗಾ ಜೊತೆ ಇಸ್ಪೀಟು ಆಡುತ್ತಿದ್ದಳು. ತೆರೆದ ಬಾಯನ್ನು ಗೇನೆಕ್ ದಿಂಬಿಗೆ ಒತ್ತಿ ಬೋರಲು ಮಲಗಿದ.

"ಒಂದು," ಎಂದಳು ಪಾನಿ ಯಾದ್ವಿಗಾ. ಪಟ್.

"ಅಮ್ಮಾ!"

"ಅಮ್ಮನ್ನ ಯಾಕೋ ಕರೀತೀಯ? ಅವಳಿದ್ದಿದ್ರೆ ಇಪ್ಪತ್ತು ಹಾಕೋಳು. ಎರಡು."

ಹನ್ನೆರಡು ಬಟ್ಟಲು, ಆರಾರರಂತೆ ಎರಡು ಸಾಲು. ಅಷ್ಟರಲ್ಲಿ ಅವಳ ಕಾಲಿಗೆ ಮಂಚದ ಕೆಳಗಿನ ರಿಬ್ಬನ್ನು ತೊಡರಿತು.

"ಇದೇನೋ ಇದು? ಜನರಲ್‌ಗಾ? ಮೈಯಲ್ಲಿ ಜ್ವರ ಇಟ್ಕೊಂಡು ಹೂವಿನ ಯೋಚನೆ! ಇಲ್ಲಿ ಈ ಬಿಸಿಗೆ ಬಾಡಿ ಹೋಗುತ್ತೆ. ತಣ್ಣಗಿರೋ ಕಡೆ ಇಟ್ಟು ಬರ್ತೀನಿ ಇರು."

ಬೆನ್ನ ಮೇಲೆ ಹನ್ನೆರಡು ಗಾಜು ಹೊತ್ತವನು ಎದ್ದು ಓಡುವ ಹಾಗಿಲ್ಲ. ಪಾನಿ ಯಾದ್ವಿಗಾ ಚಕ್ರವನ್ನು ಕೆಳಗೆ ತೆಗೆದುಕೊಂಡು ಹೋಗಿ, ಬೀದಿ ಬಾಗಿಲ ಹೊರಗಡೆ, ಕ್ರಿಸ್ಮಸ್ ಅಲಂಕಾರಕ್ಕೆ ಹೊಡೆದಿದ್ದ ಮೊಳೆಗೆ ನೇತುಹಾಕಿ ಬಂದಳು. ಕೆಲಸ ಚೆನ್ನಾಗಿಯೇ ಮಾಡಿದ್ದಳು. ರಿಬ್ಬನ್ನನ್ನು ಕೂಡ ನೀಟಾಗಿ ಇಳಿಬಿಟ್ಟಿದ್ದಳು.

ಒಂಬತ್ತೂವರೆಗೆ ಸರಿಯಾಗಿ ಮಿಸ್ ಟಕರ್ ಬಂದಳು. ಸ್ಕೂಲಿಗೆ ಸೇರಿ ಎರಡು ತಿಂಗಳಾದ, ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೇ ಮಾಡುವ ಹುಡುಗಿ. ಬಟ್ಟಲುಗಳು ಆಗಲೇ ಡಬ್ಬಿ ಸೇರಿದ್ದವು. ಗೇನೆಕ್ ಕಂಕುಳಲ್ಲಿ ಅವಿಸಿಟ್ಟುಕೊಂಡಿದ್ದ ಬಿಸಿನೀರಿನ ಚೀಲವನ್ನು, "ಜ್ವರಕ್ಕೆ ಇದು ಆಗಬಾರ್ದು ಕಣೋ" ಎಂದು ಪಾನಿ ಯಾದ್ವಿಗಾ ಕಿತ್ತುಕೊಂಡು ತಾನೇ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಿಸ್ ಟಕರ್ ಥರ್ಮಾಮೀಟರ್ ಇಟ್ಟು ನೋಡಿದಳು. ಗಂಟಲು ನೋಡಿದಳು. ನಾಡಿ ನೋಡಿದಳು.

"ಮಿಸ್ಟರ್ ಸೀಕೋರಾ, ನಿಮಗೇನೂ ಆಗಿಲ್ಲ. ಎದ್ದು ಶೂ ಹಾಕ್ಕೊಳ್ಳಿ. ಕಾರು ಕೆಳಗಿದೆ."

"ಏನಂತಾಳೆ?" ಎಂದು ಪಾನಿ ಯಾದ್ವಿಗಾ ಪೋಲಿಷಿನಲ್ಲಿ ಕೇಳಿದಳು.

"ಮಲಗಿರಿ ಅಂತಾಳೆ," ಎಂದ ಗೇನೆಕ್. ಆ ವರ್ಷಕ್ಕೆ ಇನ್ನೊಂದು ಸುಳ್ಳು. ಲೆಕ್ಕ ಕೈತಪ್ಪಿತ್ತು.

"ಶ್ವಾಸಕೋಶ ಒಂದು ನೋಡಿಬಿಡ್ತೀನಿ. ಆಮೇಲೆ ನಾನು ನೋಡಿಲ್ಲ ಅನ್ನೋ ಹಾಗಾಗ್ಬಾರ್ದು," ಎಂದು ಮಿಸ್ ಟಕರ್ ಅವನ ಅಂಗಿ ಮೇಲೆತ್ತಿದಳು. ಮರುಕ್ಷಣ ಕಿಟಾರನೆ ಕಿರುಚಿ ಹಿಂದಕ್ಕೆ ಹಾರಿದಳು.

ಬೆನ್ನ ತುಂಬ ನೇರಳೆ ಬಣ್ಣದ ದುಂಡನೆಯ ಬಾವು, ಹನ್ನೆರಡು. ಅವಳ ಪುಸ್ತಕದಲ್ಲಿ ಅಂಥದ್ದು ಇದ್ದಂತಿರಲಿಲ್ಲ.

"ಇದು... ಇದು ಯಾವಾಗಿಂದ?"

"ಇವತ್ತು ಬೆಳಿಗ್ಗೆಯಿಂದ," ಎಂದ ಗೇನೆಕ್. ಇದು ಸತ್ಯವೇ.

"ನೋವಿದ್ಯಾ?"

"ತುಂಬಾ." ಇದೂ ಸತ್ಯ.

"ಈ ಅಜ್ಜಿಗೆ ಏನಾದ್ರೂ ಗೊತ್ತಾ ಕೇಳಿ."

ಇಲ್ಲಿ ಗೇನೆಕ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. 'ಬಟ್ಟಲು' ಎಂದೊಂದು ಮಾತು ಹೇಳಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕಾರು ಹತ್ತುತ್ತಿದ್ದ, ಮೂವತ್ತೊಂದು ವರ್ಷದ ಮಾತು ಮುರಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಮಾತು ಹೇಳದಿದ್ದರೆ ಒಂದು ದಿನದ ರಜ ಸಿಗುತ್ತಿತ್ತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಅವನಿಗೆ ತಾತನ ಮುಖ ಕಣ್ಣ ಮುಂದೆ ಬಂತು. ಪಾನಿ ಯಾದ್ವಿಗಾ ಕಡೆ ತಿರುಗಿ, "ಕಾಫಿ ಕುಡೀತೀರಾ ಅಂತ ಕೇಳ್ತಿದಾಳೆ," ಎಂದ.

ಪಾನಿ ಯಾದ್ವಿಗಾ ಗಾಬರಿಯಿಂದ ಎರಡೂ ಕೈ ಆಡಿಸಿ, "ಬೇಡ ಬೇಡ! ಡಾಕ್ಟರು ಬಿಟ್ಟುಬಿಡು ಅಂದಿದಾರೆ. ಕುಡಿದ್ರೆ ಎದೆ ಹೀಗೆ ಹೊಡ್ಕೊಳ್ಳುತ್ತೆ," ಎಂದು ಎದೆ ಬಡಿದು ತೋರಿಸಿದಳು.

"ಹಳ್ಳಿಯಲ್ಲಿ ಇಂಥದ್ದು ನೋಡಿದಾಳಂತೆ," ಎಂದ ಗೇನೆಕ್. "ಒಂದು ದಿನ ಮಲಗಿದ್ರೆ ಹೋಗುತ್ತಂತೆ."

ಮಿಸ್ ಟಕರ್‌ಳ ಮುಖ ಸುಣ್ಣದ ಹಾಗಾಯಿತು. "ಎದೆ ಬಡ್ಕೊಂಡು ಹೇಳ್ತಿದಾರಲ್ರೀ! ಶುಕ್ರವಾರ ಸ್ಕೂಲಲ್ಲಿ ಏನೇನು ಮುಟ್ಟಿದ್ರಿ?"

ಬೇರೆ ಪ್ರಶ್ನೆ ಕೇಳಿದ್ದರೆ ಗೇನೆಕ್ ತಡೆದು ಉತ್ತರಿಸುತ್ತಿದ್ದನೋ ಏನೋ. ಇದು ಅವನ ಕೆಲಸದ ಮರ್ಯಾದೆಯ ಪ್ರಶ್ನೆ. "ಎಲ್ಲಾನೂ ಮುಟ್ಟಿದೀನಿ ಮಿಸ್. ಪ್ರತಿ ಶುಕ್ರವಾರ ಬಾಗಿಲ ಹಿಡಿಗಳನ್ನೆಲ್ಲ ಕೈಯಾರೆ ಒರೆಸ್ತೀನಿ. ನೂರ ಹದಿನೆಂಟು ಹಿಡಿ. ಒಂದೂ ಬಿಡಲ್ಲ."

ಅವಳು ಬೆನ್ನಿನ ಫೋಟೋ ತೆಗೆದಳು. ಅಡುಗೆಮನೆಗೆ ಹೋಗಿ ಮಿಸೆಸ್ ಹಾಲೋವೆಗೆ ಫೋನು ಮಾಡಿದಳು. ಹತ್ತು ಗಂಟೆಗೆ ಸ್ಕೂಲು ಬಿಟ್ಟರು. ಆರುನೂರು ಮಕ್ಕಳು ಮನೆಗೆ, ಹಿಡಿಗಳಿಗೆಲ್ಲ ಔಷಧಿ. ಹೋಗುವ ಮುಂಚೆ ಮಿಸ್ ಟಕರ್ ಹೇಳಿದಳು: "ಡಾಕ್ಟರು ಫೋಟೋ ನೋಡಿ ಹೇಳೋ ತನಕ ನೀವು ಮನೆ ಬಿಟ್ಟು ಕದಲಬಾರ್ದು. ಈ ಅಜ್ಜಿನೂ ಅಷ್ಟೆ, ನಿಮ್ಮನ್ನ ಮುಟ್ಟಿದಾರೆ." ಬೀದಿ ಬಾಗಿಲಿಗೆ, ಹೂವಿನ ಚಕ್ರದ ಸರಿಯಾಗಿ ಕೆಳಗೆ, 'ಒಳಗೆ ಬರಬೇಡಿ, ಏನನ್ನೂ ಮುಟ್ಟಬೇಡಿ' ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದ ಕಾಗದ ಅಂಟಿಸಿ ಕಾರು ಹತ್ತಿದಳು.

ಗೇನೆಕ್ ಕಿಟಕಿಯ ಬಳಿ ನಿಂತು ನೋಡಿದ. ಅರ್ಧ ಗಂಟೆಯೊಳಗೆ ಬೀದಿ ತುಂಬ ಮಕ್ಕಳು. ಕೊನೆಯ ಹಿಮವನ್ನು ಉಂಡೆ ಕಟ್ಟಿ ಎರಚಾಡುತ್ತಿದ್ದರು. ಮಾರ್ಚ್ ತಿಂಗಳ ಮೊದಲ ಸೋಮವಾರ, ಸ್ಕೂಲಿನ ಗಂಟೆ ಹೊಡೆಯದೆ, ಬೀದಿಯಲ್ಲಿ ಮಕ್ಕಳು ಕುಣಿಯುವುದನ್ನು ಅವನು ನೋಡಿ ಎಷ್ಟೋ ವರ್ಷವಾಗಿತ್ತು. ತೆಗೆದುಹಾಕಿದ ಹಬ್ಬ ತನ್ನ ಬೆನ್ನಿನಿಂದಾಗಿ ವಾಪಸು ಬಂದಿತ್ತು. ಅವನ ಕಣ್ಣಲ್ಲಿ ನೀರು ಬಂತು. ಬೆನ್ನಿನ ಉರಿಗೂ ಸ್ವಲ್ಪ ಬಂದಿರಬಹುದು.

ಹನ್ನೊಂದೂವರೆಗೆ, ನರ್ಸಿನ ಕಾರು ಮತ್ತೆ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, ಅವನು ಕಪ್ಪು ಸೂಟು ಹಾಕಿಕೊಂಡ.

"ಎಲ್ಲಿಗೋ?" ಎಂದಳು ಪಾನಿ ಯಾದ್ವಿಗಾ.

"ಜನರಲ್ ಹತ್ರ. ಹತ್ತು ನಿಮಿಷ. ಹೂವಿಟ್ಟು ಬಂದ್ಬಿಡ್ತೀನಿ."

"ಬಟ್ಟಲು ಹಾಕಿಸ್ಕೊಂಡ ದಿನ ಗಾಳಿಗೆ ಹೋಗೋದಾ? ನ್ಯುಮೋನಿಯಾ ಆಗಿ ಸಾಯ್ತೀಯ!" ಅವಳು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತಳು. ಗೇನೆಕ್ ಬೇಡಿಕೊಂಡ, ಗದರಿದ, ಕೊನೆಗೆ ತಾತನ ಹೆಸರು ಹೇಳಿದ. ತಾತನ ಹೆಸರು ಕೇಳಿ ಅವಳು ಕರಗಿದಳು, ಆದರೆ ಅವನ ಕತ್ತಿಗೆ ಎರಡು ಉಲ್ಲನ್ ಶಾಲು ಸುತ್ತಿದ ಮೇಲೆಯೇ ಕುರ್ಚಿ ಬಿಟ್ಟಳು. ಆ ಹೊತ್ತಿಗೆ ಹನ್ನೆರಡಕ್ಕೆ ಎಂಟು ನಿಮಿಷ.

ಗೇನೆಕ್ ಮೆಟ್ಟಿಲಿಳಿದು ಬೀದಿ ಬಾಗಿಲು ತೆಗೆದ. ಹೊರಗೆ ಇಪ್ಪತ್ತು ಮುದುಕಿಯರು ಮೊಣಕಾಲೂರಿ ಜಪಮಾಲೆ ಹಿಡಿದು ಕೂತಿದ್ದರು. ಮೆಟ್ಟಿಲ ತುಂಬ ಗಾಜಿನ ಗೂಡಿನ ಮೇಣದ ದೀಪ ಉರಿಯುತ್ತಿತ್ತು. ಗೇನೆಕ್‌ಗೆ ಜ್ವರವೆಂದು ಹಲೀನಾ ಬೇಕರಿಯಲ್ಲಿ ಹೇಳಿದ್ದಳಷ್ಟೆ. ಆಮೇಲೆ ನರ್ಸು ಬಂದು ಹೋದದ್ದನ್ನು ಜನ ನೋಡಿದ್ದರು. ಬಾಗಿಲಿಗೆ ಸಾವಿನ ಮನೆಗೆ ಹಾಕುವಂಥ ಹೂವಿನ ಚಕ್ರ, ಅದರ ಕೆಳಗೆ ಓದಲು ಬಾರದ ಭಾಷೆಯಲ್ಲೊಂದು ಕಾಗದ. ಇನ್ನೇನು ಬೇಕು? ಮುಂದಿನ ಸಾಲಿನಲ್ಲಿ ಕಪ್ಪು ಬಟ್ಟೆಯುಟ್ಟು, ಕರವಸ್ತ್ರ ಒದ್ದೆ ಮಾಡಿಕೊಂಡು ಸ್ಟೆಫಾನಿಯಾ ಚಿಕ್ಕಮ್ಮ ಕೂತಿದ್ದಳು. ಅವನು ಎರಡು ಸಲ ಸಾಯಿಸಿದ್ದವಳು ಅವನ ಮೊದಲನೆಯ ಸಾವಿಗೆ ಅಳಲು ಬಂದಿದ್ದಳು.

ಕಪ್ಪು ಸೂಟಿನಲ್ಲಿ, ಕತ್ತು ಸುತ್ತಿಕೊಂಡು ಬಾಗಿಲಲ್ಲಿ ನಿಂತ ಗೇನೆಕ್‌ನನ್ನು ಕಂಡು ಒಬ್ಬಳು ಚೀರಿದಳು. ಮೂವರು ಶಿಲುಬೆಯ ಗುರುತು ಹಾಕಿಕೊಂಡರು. ಚಿಕ್ಕಮ್ಮ ಮಾತ್ರ ಎದ್ದು ಬಂದು ಅವನ ಕೆನ್ನೆ ಜಿಗುಟಿ ನೋಡಿ, ಬಿಸಿಯಾಗಿದೆಯೆಂದು ಖಾತ್ರಿಯಾದ ಮೇಲೆ ಅದೇ ಕೆನ್ನೆಗೆ ಒಂದು ಬಿಟ್ಟಳು.

"ಬದುಕಿದೀಯೇನೋ ಮುಂಡೇದೇ! ಒಲೆ ಮೇಲಿನ ಸಾರು ಹಾಗೇ ಬಿಟ್ಟು ಓಡಿ ಬಂದಿದೀನಿ!"

"ಚಿಕ್ಕಮ್ಮಾ, ಆಮೇಲೆ ಹೊಡಿ, ಈಗ ದಾರಿ ಬಿಡು. ಹನ್ನೆರಡಾಗುತ್ತೆ!"

"ಮತ್ತೆ ನರ್ಸು ಯಾಕೆ ಬಂದಿದ್ಲು? ಈ ಕಾಗದ ಏನು?" ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಅವನ ಹಿಂದೆಯೇ ಇಳಿದು ಬಂದಿದ್ದ ಪಾನಿ ಯಾದ್ವಿಗಾ ಹೆಮ್ಮೆಯಿಂದ, "ಬೆಳಿಗ್ಗೆ ಬಟ್ಟಲು ಹಾಕಿದೆ, ಹನ್ನೆರಡು. ನರ್ಸು ನೋಡಿ ಕಿರುಚಿಬಿಟ್ಲು. ಎಷ್ಟು ಚೆನ್ನಾಗಿ ಎದ್ದಿವೆ ಅಂತ!" ಎಂದು ಅವನ ಕೋಟು, ಅಂಗಿ ಎಲ್ಲ ಒಟ್ಟಿಗೆ ಮೇಲೆತ್ತಿ ತೋರಿಸಿದಳು.

ಇಪ್ಪತ್ತು ಮುದುಕಿಯರೂ ಸುತ್ತುವರಿದು ಬೆನ್ನು ಪರೀಕ್ಷಿಸಿದರು. ಎಡಗಡೆಯದು ಇನ್ನೂ ಕಪ್ಪಾಗಬೇಕಿತ್ತು ಎಂದಳು ಒಬ್ಬಳು. ತಮ್ಮ ಕಾಲದಲ್ಲಿ ಚರ್ಮ ಕೊರೆದು ಹಾಕುತ್ತಿದ್ದರು, ಅದರ ಮುಂದೆ ಇದು ಏನೂ ಅಲ್ಲ ಎಂದಳು ಇನ್ನೊಬ್ಬಳು. ನಾಲ್ಕು ಜನ ಅಂಗಿ ಹಿಡಿದಿದ್ದರಿಂದ ಗೇನೆಕ್ ಮೊಳೆಯ ಕಡೆ ಕೈ ಚಾಚಿದರೂ ಚಕ್ರ ಒಂದು ಗೇಣು ದೂರವೇ ಉಳಿಯಿತು. ಆಚೆ ಮಕ್ಕಳು ಆಟ ನಿಲ್ಲಿಸಿ ನೋಡುತ್ತಿದ್ದರು. ಅಂಟಿಸಿದ ಕಾಗದವನ್ನು ಓದಲು ಬರುತ್ತಿದ್ದುದು ಅವರಿಗೆ ಮಾತ್ರ.

"ಯಾರಾದ್ರೂ ಈ ಹೂವನ್ನ ಜನರಲ್ ಹತ್ರ ಓಡಿ ಇಟ್ಟು ಬನ್ರೋ!" ಎಂದು ಗೇನೆಕ್ ಅವರಿಗೆ ಇಂಗ್ಲಿಷಿನಲ್ಲಿ ಕೂಗಿದ. ಮಕ್ಕಳು ಒಂದೇ ಏಟಿಗೆ ಹತ್ತು ಹೆಜ್ಜೆ ಹಿಂದಕ್ಕೆ ಸರಿದರು.

ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಗೇನೆಕ್ ಚಾಚಿದ ಕೈಯನ್ನು ಇಳಿಸಿದ. ಮುದುಕಿಯರು ಅಂಗಿ ಬಿಟ್ಟು ಎಂದಿನಂತೆ ತಲೆಬಾಗಿ ಪ್ರಾರ್ಥನೆ ಹೇಳಿಕೊಂಡರು. ಆಮೇಲೆ ತಂದ ದೀಪಗಳನ್ನು ಊದಿ ಆರಿಸಿ, ಮುಂದೆಂದಾದರೂ ಬೇಕಾಗುತ್ತವೆಂದು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಆ ಹೊತ್ತಿನಲ್ಲಿ ಜನರಲ್ ಪುಲಾಸ್ಕಿಯ ಮುಂದೆ ಹೂವಿರಲಿಲ್ಲ. ಅದೇ ಹೂವು ಬಾಯ್ಲರ್ ನೋಡಿಕೊಳ್ಳುವವನ ಬಾಗಿಲಿಗೆ ನೇತಾಡುತ್ತಿತ್ತು.

ಗೇನೆಕ್ ಮೇಲೆ ಹೋಗಿ ಬೋರಲು ಮಲಗಿದ. ಬೇರೆ ರೀತಿ ಮಲಗಲು ಬರುತ್ತಿರಲಿಲ್ಲ. ಹೂವು ತಪ್ಪಿದರೂ ಕೆಲಸ ಮುಟ್ಟದೆ ಇದ್ದೇನಲ್ಲ, ಅರ್ಧ ಮಾತಾದರೂ ಉಳಿಯಿತು ಎಂದು ಸಮಾಧಾನ ಮಾಡಿಕೊಂಡ. ಮೆರವಣಿಗೆಯ ದಿನ ಬಾವುಟ ಹಿಡಿದು ಪಾರ್ಕಿನ ಮುಂದೆ ಹಾಯುವಾಗ ಜನರಲ್‌ಗೆ ತಲೆಬಾಗಿ ಕ್ಷಮೆ ಕೇಳಿಕೊಳ್ಳುತ್ತೇನೆ ಎಂದುಕೊಂಡ.

ಐದು ಗಂಟೆಗೆ ಓಟಿಸ್ ಬಂದ. ಸ್ಕೂಲಿನಲ್ಲಿ ಗೇನೆಕ್‌ನ ಜೊತೆ ಬಾಯ್ಲರ್ ನೋಡಿಕೊಳ್ಳುವವನು, ಆರಡಿ ನಾಲ್ಕಂಗುಲದ ಆಳು. ಊರಿನ ಇನ್ನೊಂದು ತುದಿಯವನು, ಅವನ ಪೈಕಿಯವರಲ್ಲಿ ಪೋಲೆಂಡಿನ ಕಡೆ ಮುಖ ಹಾಕಿದವರೂ ಇರಲಿಲ್ಲ. ಅವನ ಹಿಂದೆಯೇ ಹಲೀನಾ ಕೂಡ ಬೇಕರಿಯಿಂದ ಬಂದಳು. ಪಾನಿ ಯಾದ್ವಿಗಾ ಇನ್ನೂ ಕುರ್ಚಿ ಬಿಟ್ಟಿರಲಿಲ್ಲ.

"ಏನಯ್ಯಾ ಸೀಕೋರಾ," ಎಂದು ಓಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಾಕ್ಟರು ಫೋಟೋ ನೋಡಿ ಹತ್ತು ನಿಮಿಷ ನಕ್ಕರಂತೆ. ಅವರಜ್ಜೀನೂ ಹೀಗೇ ಹಾಕ್ತಿದ್ರಂತೆ. ಮಿಸ್ ಟಕರ್ ಅಳ್ತಾ ಕೂತಿದಾಳೆ."

"ನನ್ನ ಕೆಲಸ?"

"ಕೆಲಸಕ್ಕೇನೂ ಇಲ್ಲ. ಹಾಲೋವೆ ಮೇಡಂ ಅಂದ್ರು, ಇವನನ್ನ ತೆಗೆದ್ರೆ ಯಾಕೆ ತೆಗೆದೆ ಅಂತ ಮೇಲಿನವರಿಗೆ ಬರೀಬೇಕು, ಹನ್ನೆರಡು ಬಟ್ಟಲಿಗೆ ಆರುನೂರು ಮಕ್ಕಳನ್ನ ಮನೆಗೆ ಕಳಿಸ್ದೆ ಅಂತ ಬರೀಲಾ, ಅಂತ."

ಗೇನೆಕ್ ದಿಂಬಿನೊಳಗೆ ದೊಡ್ಡದಾಗಿ ಉಸಿರು ಬಿಟ್ಟ.

"ಆದ್ರೆ ಓದಿನ ದಿನ ಒಂದು ಹೋಯ್ತಲ್ಲ, ಅದನ್ನ ತುಂಬಿಕೊಡ್ಲೇಬೇಕಂತೆ. ಕ್ಯಾಲೆಂಡರಲ್ಲಿ ಎಲ್ಲಾ ಭರ್ತಿ, ಖಾಲಿ ಇರೋದು ಒಂದೇ ಶನಿವಾರ. ಮೇ ತಿಂಗಳ ಮೊದಲನೇದು. ಅವತ್ತು ಪೂರ್ತಿ ದಿನ ಸ್ಕೂಲು."

ಗೇನೆಕ್ ಮುಖವನ್ನು ದಿಂಬಿನಲ್ಲಿ ಇನ್ನಷ್ಟು ಹುದುಗಿಸಿದ.

"ಬಾಯ್ಲರ್‌ಗೆ ಒಬ್ಬ ಸಾಕು, ಆ ಒಬ್ಬ ಸೀಕೋರಾನೇ ಆಗಿರ್ಬೇಕು ಅಂತ ಹೆಸರು ಹಿಡಿದು ಹೇಳಿದಾರೆ. ಬೆಳಿಗ್ಗೆ ಐದಕ್ಕೆ. ಹಲ್ಲು, ಜ್ವರ, ಚಿಕ್ಕಮ್ಮ ಯಾವುದೂ ನಡೆಯಲ್ಲ. ಮಿಸ್ ಟಕರ್ ಬಾಗಿಲಲ್ಲೇ ನಿಂತು ಬೆನ್ನು ನೋಡಿ ಒಳಗೆ ಬಿಡ್ತಾಳಂತೆ. ನನಗೆ ಮಾತ್ರ ರಜ. ಏನು ಮಾಡ್ಬೇಕೋ ಗೊತ್ತಿಲ್ಲ, ಮನೇಲಿ ಬಿದ್ಕೊಂಡಿರ್ತೀನಿ."

ಹಲೀನಾ ಇದನ್ನೆಲ್ಲ ಪೋಲಿಷಿನಲ್ಲಿ ಪಾನಿ ಯಾದ್ವಿಗಾಗೆ ಹೇಳಿದಳು. ಒಂದು ಮಾತನ್ನೂ ಬಿಡದೆ, ಒಂದನ್ನೂ ಸೇರಿಸದೆ ಹೇಳಿದಳು. ಪಾನಿ ಯಾದ್ವಿಗಾ "ಅಯ್ಯೋ, ಹಾಗಾದ್ರೆ ಬಾವುಟ?" ಎಂದು ಕೈ ಬಾಯಿಗೆ ಒಯ್ದಳು. ಆಮೇಲೆ ಕುರ್ಚಿಯಿಂದ ಎದ್ದು ಓಟಿಸ್‌ನ ಸುತ್ತ ಒಂದು ಸುತ್ತು ಬಂದಳು. ಅವನ ಭುಜವನ್ನು ಗೇಣಿನಿಂದ ಅಳೆದಳು, ತೋಳು ಹಿಸುಕಿದಳು, ಎರಡು ಹೆಜ್ಜೆ ಹಿಂದೆ ನಿಂತು ತಲೆಯಿಂದ ಕಾಲಿನವರೆಗೆ ನೋಡಿದಳು.

"ಹದಿನೆಂಟು ವರ್ಷದಿಂದ ಇಂಥ ಭುಜಕ್ಕೆ ಹುಡುಕ್ತಿದ್ದೆ," ಎಂದಳು. "ಗೇನೆಕ್, ಕೇಳು ಇವನ್ನ. ಬಾವುಟ ಹಿಡೀತಾನಾ?"

"ಏನಂತಿದಾರೆ ಅಜ್ಜಿ?" ಎಂದು ಓಟಿಸ್ ನಗುನಗುತ್ತ ಕೇಳಿದ.

ಗೇನೆಕ್ ದಿಂಬಿನಿಂದ ತಲೆ ಎತ್ತಿದ. ಕಾಫಿ ಕುಡೀತೀಯಾ ಅಂತ ಕೇಳ್ತಿದಾಳೆ ಎಂದುಬಿಡೋಣ ಅನ್ನಿಸಿತು. ಮಂಚದ ಪಕ್ಕದಲ್ಲಿ, ಎರಡೂ ಭಾಷೆ ಬಲ್ಲ ಹಲೀನಾ ಕೈಕಟ್ಟಿಕೊಂಡು ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಮೇ ತಿಂಗಳ ಮೊದಲನೇ ಶನಿವಾರ," ಎಂದ ಗೇನೆಕ್, ಒಂದೊಂದೇ ಮಾತಾಗಿ, "ನಮ್ಮ ಬಾವುಟ ಹಿಡೀತೀಯಾ ಅಂತ ಕೇಳ್ತಿದಾರೆ."

"ಧಾರಾಳವಾಗಿ! ಅದಕ್ಕೇನಂತೆ?" ಎಂದ ಓಟಿಸ್. "ಹೇಗೆ ಹಿಡ್ಕೋಬೇಕು ಅಂತ ಒಂಚೂರು ತೋರಿಸ್ಬಿಡಯ್ಯ."

ಹಲೀನಾ ಅಡುಗೆಮನೆಗೆ ಹೋಗಿ ಪೊರಕೆ ತಂದು ಗೇನೆಕ್‌ನ ಕೈಗೆ ಕೊಟ್ಟಳು.